ತೋಡಿದ ಬಾವಿಗೆ ಕೊನೆಯವರೆಗೂ ಲೆಕ್ಕವಿರಲಿ: ವಿಜಯಪುರ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ವಿಜಯಪುರ. ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತಿ. ಹಾಗೂ ಅಂತರ್ಜಲ ನಿರ್ದೇಶನಾಲಯದ ಜಿಲ್ಲಾ ಕಚೇರಿಯ ಹಿರಿಯ ಭೂವಿಜ್ಞಾನಿಗಳು.

ವಿಷಯ: ಜಿಲ್ಲೆಯ ಕೊಳವೆಬಾವಿಗಳ ಕೇಸಿಂಗ್ (ರಂಧ್ರದ ಗೋಡೆ ಕಾಯಲು ಇಳಿಸುವ ಪೈಪು), ತಪಾಸಣೆ ಮತ್ತು ಮುಚ್ಚುವಿಕೆಯಲ್ಲಿ ತೈಲಬಾವಿಗಳ ಶಿಸ್ತನ್ನು ತರುವ ಕುರಿತು.

ಮಾನ್ಯರೇ,

ನಾನು ಇಂಡಿ ತಾಲ್ಲೂಕಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಮೂವತ್ತೊಂದು ವರ್ಷ ಗುಜರಾತ್ ಮತ್ತು ಅಸ್ಸಾಮಿನ ತೈಲಕ್ಷೇತ್ರಗಳಲ್ಲಿ ಬಾವಿ ತಪಾಸಣೆಯ ಕೆಲಸ ಮಾಡಿ, ಈಗ ಊರಿಗೆ ಮರಳಿ ನೆಲೆಸಿರುವವನು. ಭೂಮಿಯೊಳಗೆ ಎರಡು, ಮೂರು ಕಿಲೋಮೀಟರ್ ಆಳದವರೆಗೆ ಇಳಿದ ಉಕ್ಕಿನ ಪೈಪುಗಳು ಸುಸ್ಥಿತಿಯಲ್ಲಿವೆಯೇ, ಅವುಗಳ ಹಿಂದಿನ ಸಿಮೆಂಟು ಬಿಗಿಯಾಗಿ ಹಿಡಿದಿದೆಯೇ, ವಾಲ್ವುಗಳು ಮುಚ್ಚಬೇಕಾದಾಗ ಮುಚ್ಚುತ್ತವೆಯೇ ಎಂದು ನೋಡುವುದೇ ನನ್ನ ವೃತ್ತಿಯಾಗಿತ್ತು. ನಮ್ಮ ಜಿಲ್ಲೆಯಲ್ಲಿ ಎಣ್ಣೆಯ ಬಾವಿ ಒಂದೂ ಇಲ್ಲ. ಆದರೆ ಹೊಲಹೊಲಕ್ಕೂ ಬೋರುಗಳಿವೆ, ಮತ್ತು ಆ ಬೋರುಗಳನ್ನು ಕೊರೆಯುವಾಗ, ಬಳಸುವಾಗ, ಕೈಬಿಡುವಾಗ ನಾವು ಮಾಡುತ್ತಿರುವ ತಪ್ಪುಗಳು ತೈಲಬಾವಿಗಳ ಜಗತ್ತು ಬಹಳ ದುಬಾರಿ ಬೆಲೆ ತೆತ್ತು ತಿದ್ದಿಕೊಂಡ ತಪ್ಪುಗಳೇ ಆಗಿವೆ ಎಂಬುದು ಊರಿಗೆ ಬಂದ ಮೊದಲ ಬೇಸಿಗೆಯಲ್ಲಿಯೇ ನನಗೆ ಮನದಟ್ಟಾಯಿತು. ಆ ಕಾರಣಕ್ಕೆ ಈ ಪತ್ರ.

2024ರ ಏಪ್ರಿಲ್ ತಿಂಗಳಲ್ಲಿ ನಮ್ಮದೇ ತಾಲ್ಲೂಕಿನ ಲಚ್ಯಾಣದಲ್ಲಿ ಮುಚ್ಚದೆ ಬಿಟ್ಟಿದ್ದ ಕೊಳವೆಬಾವಿಗೆ ಬಿದ್ದ ಎಳೆಯ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತ ಹೊರತಂದದ್ದನ್ನು ತಾವು ಬಲ್ಲಿರಿ. ಆ ರಾತ್ರಿ ಅಲ್ಲಿ ದುಡಿದ ಪ್ರತಿಯೊಬ್ಬರಿಗೂ ಈ ಜಿಲ್ಲೆ ಋಣಿಯಾಗಿದೆ. ಆದರೆ 2014ರಲ್ಲಿ ನಾಗಠಾಣದಲ್ಲಿ, ಅದೇ ವರ್ಷ ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಮಕ್ಕಳು ಉಳಿಯಲಿಲ್ಲ. ಪ್ರತಿ ದುರಂತದ ಮರುವಾರ ತೆರೆದ ಬೋರುಗಳನ್ನು ಹುಡುಕಿ ಕಲ್ಲುಚಪ್ಪಡಿ ಹೊದಿಸುವ ಓಡಾಟ ನಡೆಯುತ್ತದೆ, ಮಳೆ ಬಿದ್ದ ಮೇಲೆ ಅದು ಮರೆತುಹೋಗುತ್ತದೆ. ನಾನು ಕೇಳುತ್ತಿರುವುದು ಆ ಓಡಾಟವನ್ನಲ್ಲ. ಬಾವಿಯ ಬಾಯಿಗೆ ಮುಚ್ಚಳ ಹಾಕುವುದು ಬಾವಿಯ ಭದ್ರತೆಯ ಕೊಟ್ಟಕೊನೆಯ ಅಂಗ ಮಾತ್ರ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸಗಳು ನಡೆಯದೇ ಇರುವುದರಿಂದಲೇ ಮುಚ್ಚಳವೂ ನಿಲ್ಲುತ್ತಿಲ್ಲ.

ತೈಲಬಾವಿ ಎಂದರೆ ಒಂದು ರಂಧ್ರವೆಂದು ಹೊರಗಿನವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಒಂದರೊಳಗೊಂದು ಇಳಿಸಿದ ಪೈಪುಗಳ ಸಾಲು. ಮೊದಲು ಮೇಲ್ಮಣ್ಣು ಕುಸಿಯದಂತೆ ಅಗಲವಾದ ಪೈಪು, ಅದರೊಳಗೆ ಕುಡಿಯುವ ನೀರಿನ ಪದರಗಳನ್ನು ದಾಟುವವರೆಗೆ ಸರ್ಫೇಸ್ ಕೇಸಿಂಗ್, ಅದರೊಳಗೆ ಇನ್ನೂ ಆಳದ ಕೇಸಿಂಗ್, ಕೊನೆಗೆ ಎಣ್ಣೆಯೋ ಅನಿಲವೋ ಇರುವ ಪದರ ಮುಟ್ಟುವ ಪ್ರೊಡಕ್ಷನ್ ಕೇಸಿಂಗ್, ಅದರ ನಡುವೆ ಎಣ್ಣೆ ಮೇಲೆ ಬರುವ ಟ್ಯೂಬಿಂಗ್. ಪ್ರತಿ ಕೇಸಿಂಗನ್ನೂ ಇಳಿಸಿದ ಮೇಲೆ ಅದರ ಹೊರಮೈಗೂ ಬಂಡೆಗೂ ನಡುವಿನ ಸಂದಿಗೆ ಕೆಳಗಿನಿಂದ ಮೇಲಕ್ಕೆ ಸಿಮೆಂಟಿನ ಹಾಲನ್ನು ಒತ್ತಿ ತುಂಬಿಸಲಾಗುತ್ತದೆ. ಕುಡಿಯುವ ನೀರನ್ನು ಕಾಯುವ ಸರ್ಫೇಸ್ ಕೇಸಿಂಗಿನ ಹಿಂದೆ ಆ ಸಿಮೆಂಟು ನೆಲದ ಮಟ್ಟದವರೆಗೂ ಏರಿ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಕೊರೆತ. ಎಣ್ಣೆ ತೆಗೆಯಲು ಹೋದವರು ಮೊದಲು ನೀರನ್ನು ಬೇಲಿ ಕಟ್ಟಿ ಕಾಯುತ್ತಾರೆ. ನೀರಿಗಾಗಿಯೇ ಕೊರೆಯುವ ನಾವು ಆ ಬೇಲಿಯನ್ನು ಕಟ್ಟುವುದಿಲ್ಲ.

ಈ ವೃತ್ತಿಯಲ್ಲಿ ಹೊಸಬರಿಗೆ ಕಲಿಸುವ ಮೊದಲ ನಿಯಮವೆಂದರೆ, ಕೆಳಗಿನ ಒತ್ತಡಕ್ಕೂ ಮೇಲಿನ ಜನಕ್ಕೂ ನಡುವೆ ಯಾವ ಕ್ಷಣದಲ್ಲಿಯೂ ಪರೀಕ್ಷಿಸಿ ನೋಡಿದ ಎರಡು ತಡೆಗಳಿರಬೇಕು. ಒಂದು ಸೋತರೆ ಇನ್ನೊಂದು ಹಿಡಿಯಬೇಕು, ಮತ್ತು ಒಂದು ಸೋತಿರುವುದು ನಮಗೆ ತಿಳಿಯಬೇಕು. ತಿಳಿಯುವ ದಾರಿ ಯಾವುದೆಂದರೆ ಪೈಪು ಪೈಪುಗಳ ನಡುವಿನ ಖಾಲಿ ಸಂದಿ, ಅಂದರೆ ಆನ್ಯುಲಸ್. ಪ್ರತಿ ಸಂದಿಗೂ ಬಾವಿಯ ತಲೆಯಲ್ಲಿ ಒಂದು ವಾಲ್ವು, ಒಂದು ಗೇಜು ಇರುತ್ತದೆ. ಸಂದಿಯಲ್ಲಿ ಒತ್ತಡ ಕಂಡರೆ ಸಣ್ಣ ವಾಲ್ವು ತೆರೆದು ಅದನ್ನು ನಿಧಾನವಾಗಿ ಇಳಿಸುತ್ತೇವೆ. ಬಿಸಿ ಎಣ್ಣೆಯ ಕಾವಿಗೆ ಸಂದಿಯ ದ್ರವ ಹಿಗ್ಗಿದ್ದರಿಂದ ಬಂದ ಒತ್ತಡವಾದರೆ ಅದು ಇಳಿದು ಸುಮ್ಮನಾಗುತ್ತದೆ. ವಾಲ್ವು ಮುಚ್ಚಿದ ಮೇಲೆ ಮತ್ತೆ ಏರಿತೆಂದರೆ ಎಲ್ಲಿಯೋ ಸೋರಿಕೆ ಇದೆ ಎಂದೇ ಅರ್ಥ. ಇಷ್ಟು ಸರಳವಾದ ಪರೀಕ್ಷೆಗೆ ಬೇಕಾದದ್ದು ಒಬ್ಬ ಮನುಷ್ಯ, ಒಂದು ಗಡಿಯಾರ ಮತ್ತು ಸುಳ್ಳು ಬರೆಯದ ಒಂದು ದಿನಚರಿ ಪುಸ್ತಕ.

ಆ ಪುಸ್ತಕದ ಬಗ್ಗೆ ನನ್ನದೇ ಒಂದು ಅನುಭವ ಹೇಳಬೇಕು. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಗುಜರಾತಿನ ಒಂದು ಕ್ಷೇತ್ರದಲ್ಲಿ, ಅನಿಲ ಒತ್ತಿ ಎಣ್ಣೆ ಎತ್ತುವ ಒಂದು ಹಳೆಯ ಬಾವಿಯ ಹೊರಸಂದಿಯ ಗೇಜನ್ನು ವಾರಕ್ಕೊಮ್ಮೆ ಓದಿ ಬರೆಯುವ ಹೊಣೆ ನನ್ನದಾಗಿತ್ತು. ನಾಲ್ಕು ತಿಂಗಳು ಅದು ಚದರ ಸೆಂಟಿಮೀಟರಿಗೆ ಹನ್ನೆರಡು ಕೆಜಿ ಒತ್ತಡ ತೋರಿಸಿತು, ನಾನೂ ಹನ್ನೆರಡೆಂದು ಬರೆದೆ. ನನಗಿಂತ ಮುಂಚೆ ಬರೆದವರೂ ಹನ್ನೆರಡೆಂದೇ ಬರೆದಿದ್ದರು. ವರ್ಗವಾಗಿ ಬಂದ ಹಿರಿಯ ತಂತ್ರಜ್ಞರೊಬ್ಬರು ಪುಸ್ತಕದ ಪುಟಗಳನ್ನು ತಿರುವಿ ಹಾಕಿ, ಬೇಸಿಗೆಯಲ್ಲಿಯೂ ಚಳಿಗಾಲದಲ್ಲಿಯೂ ಒಂದೇ ಅಂಕಿ ಹೇಗೆ ಬಂದೀತು ಎಂದು ಕೇಳಿದರು. ಗೇಜನ್ನು ಬಿಚ್ಚಿ ನೋಡಿದರೆ ಒಳಗಿನ ಮುಳ್ಳು ತುಕ್ಕು ಹಿಡಿದು ನಿಂತಿತ್ತು. ಹೊಸ ಗೇಜು ಅರವತ್ತು ಕೆಜಿ ತೋರಿಸಿತು. ಒತ್ತಡ ಇಳಿಸಿದೆವು, ಮರುದಿನ ಬೆಳಿಗ್ಗೆ ಅದು ಇದ್ದಲ್ಲಿಗೇ ಬಂದು ನಿಂತಿತ್ತು. ಪ್ರೊಡಕ್ಷನ್ ಕೇಸಿಂಗಿನ ಒಂದು ಜೋಡಣೆಯಲ್ಲಿ ತಿರುಪಿನ ಮರೆ ಸವೆದು ಅನಿಲ ಹೊರಸಂದಿಗೆ ಸೋರುತ್ತಿತ್ತು, ಮತ್ತು ಅದಕ್ಕೂ ಹೊರಗಿನ ಮಣ್ಣಿಗೂ ನಡುವೆ ಉಳಿದಿದ್ದದ್ದು ಇನ್ನೊಂದೇ ಪೈಪು. ಬಾವಿಯ ಪಕ್ಕದಲ್ಲಿ ಹತ್ತಿಯ ಹೊಲವಿತ್ತು, ಅಲ್ಲಿ ದಿನವೂ ಹೆಣ್ಣುಮಕ್ಕಳು ಕಳೆ ತೆಗೆಯುತ್ತಿದ್ದರು. ಬರೆಯುವುದಕ್ಕೂ ನೋಡುವುದಕ್ಕೂ ಇರುವ ಅಂತರ ಅಂದು ನನಗೆ ತಿಳಿಯಿತು, ಉಳಿದ ಇಪ್ಪತ್ತೆಂಟು ವರ್ಷ ನಾನು ಕೆಲಸ ಮಾಡಿದ್ದು ಆ ಹೆಣ್ಣುಮಕ್ಕಳನ್ನು ನೆನೆದುಕೊಂಡೇ.

ಗೇಜು ಹೇಳಲಾರದ್ದನ್ನು ಹೇಳುವ ಉಪಕರಣಗಳೂ ಇವೆ. ತಂತಿಗೆ ಕಟ್ಟಿ ಬಾವಿಯೊಳಗೆ ಇಳಿಸುವ ಒಂದು ಸಾಧನಕ್ಕೆ ಸುತ್ತಲೂ ಹತ್ತಾರು ಉಕ್ಕಿನ ಬೆರಳುಗಳಿರುತ್ತವೆ, ಅದು ಮೇಲಕ್ಕೆ ಬರುತ್ತ ಪೈಪಿನ ಒಳಮೈಯನ್ನು ತಡವಿ ಎಲ್ಲಿ ಸವೆದಿದೆ, ಎಲ್ಲಿ ಗುಂಡಿ ಬಿದ್ದಿದೆ ಎಂದು ಅಳೆದು ತರುತ್ತದೆ. ಸಿಮೆಂಟನ್ನು ನೋಡಲು ಶಬ್ದವನ್ನು ಬಳಸುತ್ತೇವೆ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ಬಡಿದು ದನಿ ಕೇಳುವಂಥದೇ ಉಪಾಯ ಇದು, ಆದರೆ ಲೆಕ್ಕ ಮಾತ್ರ ತಿರುಗುಮುರುಗು: ಪೈಪು ಗಣಗಣ ಎಂದರೆ ಅದರ ಹಿಂದೆ ಸಿಮೆಂಟಿಲ್ಲ, ದನಿ ಕುಗ್ಗಿದರೆ ಸಿಮೆಂಟು ಅಪ್ಪಿ ಹಿಡಿದಿದೆ. ಸೋರುವ ಜಾಗದಲ್ಲಿ ಅನಿಲ ಹಿಗ್ಗಿ ತಣ್ಣಗಾಗುವುದರಿಂದ ತಾಪಮಾನದ ಏರಿಳಿತವೂ ಸುಳಿವು ಕೊಡುತ್ತದೆ. ಹುಡುಕಿದರೆ ದೋಷ ಸಿಗುತ್ತದೆ ಎಂಬುದಕ್ಕೆ ನಾರ್ವೆಯ ಪೆಟ್ರೋಲಿಯಂ ಸುರಕ್ಷತಾ ಪ್ರಾಧಿಕಾರ 2006ರಲ್ಲಿ ನಡೆಸಿದ ಸಮೀಕ್ಷೆಯೇ ಸಾಕ್ಷಿ. ಅಷ್ಟು ಕಟ್ಟುನಿಟ್ಟಿನ ದೇಶದಲ್ಲಿಯೂ ಪರಿಶೀಲಿಸಿದ 406 ಬಾವಿಗಳ ಪೈಕಿ 75ರಲ್ಲಿ ಒಂದಲ್ಲ ಒಂದು ಭದ್ರತಾ ದೋಷ ಕಂಡುಬಂದಿತು.

ಹುಡುಕದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಅಲೀಸೋ ಕ್ಯಾನ್ಯನ್ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೋರುತ್ತೇನೆ, ಏಕೆಂದರೆ ನಮ್ಮ ಬೋರುಗಳ ಕಥೆಗೆ ಅದು ಬಹಳ ಹತ್ತಿರದ್ದು. 1953ರಲ್ಲಿ ಎಣ್ಣೆಗಾಗಿ ಕೊರೆದ ಒಂದು ಬಾವಿಯನ್ನು ಮುಂದೆ ಅನಿಲ ಸಂಗ್ರಹಿಸಲು ಬಳಸಿಕೊಂಡರು. ಒಳಗಿದ್ದ ಸುರಕ್ಷಾ ವಾಲ್ವನ್ನು 1979ರಲ್ಲಿ ತೆಗೆದವರು ಮತ್ತೆ ಕೂರಿಸಲಿಲ್ಲ. 2015ರ ಅಕ್ಟೋಬರ್ 23ರಂದು ಸುಮಾರು 890 ಅಡಿ ಆಳದಲ್ಲಿ ಏಳು ಇಂಚಿನ ಕೇಸಿಂಗ್ ಸೀಳಿತು. ಸುಮಾರು ಒಂದು ಲಕ್ಷ ಟನ್ ಮೀಥೇನ್ ಗಾಳಿಗೆ ಸೇರಿತು, ಸಾವಿರಾರು ಕುಟುಂಬಗಳು ಮನೆ ಬಿಟ್ಟವು, 2016ರ ಫೆಬ್ರುವರಿಯವರೆಗೂ ಅದು ನಿಲ್ಲಲಿಲ್ಲ. ಆ ಉಕ್ಕನ್ನು ತಿಂದದ್ದು ಯಾವುದು ಎಂದು ತನಿಖೆ ಮಾಡಿದಾಗ ಸಿಕ್ಕ ಉತ್ತರ ಅನಿಲವಲ್ಲ, ಅಂತರ್ಜಲ. ಪೈಪಿನ ಹಿಂದೆ ಸಿಮೆಂಟಿಲ್ಲದ ಜಾಗದಲ್ಲಿ ನೆಲದ ನೀರು ಹೊರಮೈಗೆ ತಾಗಿ, ಅದರಲ್ಲಿನ ಸೂಕ್ಷ್ಮಜೀವಿಗಳಿಂದಾಗಿ ಉಕ್ಕು ಹೊರಗಿನಿಂದ ಸವೆಯುತ್ತ ಬಂದಿತ್ತು. ಇನ್ನೂ ನೋವಿನ ಸಂಗತಿಯೆಂದರೆ ಅದೇ ಕ್ಷೇತ್ರದಲ್ಲಿ ಅದಕ್ಕೂ ಮೊದಲು ಅರವತ್ತಕ್ಕೂ ಹೆಚ್ಚು ಸಲ ಕೇಸಿಂಗ್ ಸೋರಿತ್ತು. ಸೋರಿದಾಗಲೆಲ್ಲ ಬೆಸುಗೆ, ತೇಪೆ ನಡೆದವೇ ಹೊರತು ಏಕೆ ಸೋರಿತು ಎಂದು ಬಗೆದು ನೋಡುವ ತನಿಖೆ ನಡೆದಿರಲಿಲ್ಲ. ಒಂದೊಂದು ದುರಂತದ ನಂತರವೂ ಒಂದೊಂದು ಚಪ್ಪಡಿ ಹೊದಿಸುವ ನಮ್ಮ ರೀತಿಯೂ ಅದೇ ಅಲ್ಲವೇ?

ನಮ್ಮ ದೇಶದ ಅನುಭವವೂ ಕಡಿಮೆಯೇನಿಲ್ಲ. 1995ರ ಜನವರಿಯಲ್ಲಿ ಆಂಧ್ರದ ಗೋದಾವರಿ ಸೀಮೆಯ ಪಾಶರ್ಲಪೂಡಿಯಲ್ಲಿ ಸಿಡಿದ ಬಾವಿ 65 ದಿನ ಉರಿಯಿತು. ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯ ಬಾಗ್‌ಜಾನ್‌ನ 5ನೇ ಬಾವಿ 2020ರ ಮೇ 27ರಂದು ದುರಸ್ತಿ ಕೆಲಸದ ನಡುವೆ ಸಿಡಿದು, ಜೂನ್ 9ರಂದು ಹೊತ್ತಿಕೊಂಡು, ನವೆಂಬರ್ ಮಧ್ಯದವರೆಗೆ ಉರಿಯಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು, ಪಕ್ಕದ ಮಾಗುರಿ ಮೋಟಾಪುಂಗ್ ಕೆರೆಯ ಮೀನು, ಹಕ್ಕಿಗಳನ್ನು ನಂಬಿದ್ದ ಊರುಗಳು ದಿಕ್ಕೆಟ್ಟವು. ಆ ಸೀಮೆಯಲ್ಲಿ ನಾನು ಓಡಾಡಿದ್ದೇನೆ, ಆ ಕೆರೆಯ ದಂಡೆಯ ಮನೆಗಳಲ್ಲಿ ಚಹಾ ಕುಡಿದಿದ್ದೇನೆ.

ಇನ್ನು ಕೈಬಿಡುವ ಬಾವಿಯ ಮಾತು. ಎಣ್ಣೆ ಬತ್ತಿದ ಬಾವಿಯನ್ನು ಯಾರೂ ಹಾಗೆಯೇ ಬಿಟ್ಟು ಹೋಗುವಂತಿಲ್ಲ. ಎಣ್ಣೆಯಿದ್ದ ಪದರದ ಎದುರಿಗೆ ಸಿಮೆಂಟಿನ ಗಟ್ಟಿ ಬಿರಡೆ, ಅದರ ಮೇಲೆ ಮತ್ತೊಂದು, ಕುಡಿಯುವ ನೀರಿನ ಪದರಗಳ ಕೆಳಗೆ ಇನ್ನೊಂದು, ನೆಲದ ಹತ್ತಿರ ಕೊನೆಯದು ಎಂದು ಹಾಕುತ್ತಾರೆ. ಸಿಮೆಂಟು ಗಟ್ಟಿಯಾದ ಮೇಲೆ ಪೈಪಿನ ತುದಿಯಿಂದ ಅದರ ಮೇಲೆ ಭಾರ ಬಿಟ್ಟು, ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ಆಮೇಲೆ ಪೈಪುಗಳನ್ನು ನೆಲದ ಕೆಳಗೆ ಕತ್ತರಿಸಿ, ಉಕ್ಕಿನ ತಗಡು ಬೆಸೆದು, ಬಾವಿಯ ಸಂಖ್ಯೆ ಮತ್ತು ಸ್ಥಳವನ್ನು ಶಾಶ್ವತ ದಾಖಲೆಗೆ ಸೇರಿಸುತ್ತಾರೆ. ಐವತ್ತು ವರ್ಷಗಳ ನಂತರ ಅಲ್ಲಿ ಮನೆ ಕಟ್ಟುವವನಿಗೂ ತನ್ನ ಕಾಲ ಕೆಳಗೆ ಏನಿದೆ ಎಂಬುದು ಕಾಗದ ನೋಡಿದರೆ ತಿಳಿಯಬೇಕು.

ಈಗ ನಮ್ಮ ನೆಲಕ್ಕೆ ಬರುತ್ತೇನೆ. ಜಿಲ್ಲೆಯ ಬಹುಭಾಗದಲ್ಲಿ ಎರೆಮಣ್ಣಿನ ಕೆಳಗೆ ಗರಸು, ಅದರ ಕೆಳಗೆ ಒಂದರ ಮೇಲೊಂದು ಹರಿದು ಆರಿದ ಲಾವಾದ ಕಪ್ಪು ಬಸಾಲ್ಟ್ ಕಲ್ಲು, ಕಲ್ಲು ಕಲ್ಲುಗಳ ನಡುವೆ ಅಲ್ಲಲ್ಲಿ ಕೆಂಪು ಮಣ್ಣಿನ ಪದರ ಇರುತ್ತವೆ. ನೀರು ಸಿಗುವುದು ಬಿರುಕುಗಳಲ್ಲಿ ಮತ್ತು ಎರಡು ಹರಿವುಗಳ ಸಂದಿನಲ್ಲಿ, ಮತ್ತು ಎಲ್ಲ ಸಂದಿನ ನೀರೂ ಒಂದೇ ರುಚಿಯದಲ್ಲ. ಡೋಣಿ ನದಿಯ ಸಾಲಿನ ಊರುಗಳವರಿಗೆ ಸವಳು ನೀರಿನ ಪರಿಚಯವನ್ನು ನಾನು ಮಾಡಿಕೊಡಬೇಕಿಲ್ಲ. ರಿಗ್ ಗಾಡಿ ಬಂದು ಗಟ್ಟಿಕಲ್ಲು ಸಿಗುವವರೆಗೆ ಕೇಸಿಂಗ್ ಪೈಪು ಇಳಿಸಿ, ಅಲ್ಲಿಂದ ಕೆಳಗೆ ಆರೂವರೆ ಇಂಚಿನ ಬರಿಯ ರಂಧ್ರವನ್ನು ಐನೂರೋ ಎಂಟುನೂರೋ ಅಡಿಯವರೆಗೆ ಕೊರೆಯುತ್ತದೆ. ಕೇಸಿಂಗಿನ ಹೊರಗಿನ ಸಂದಿಗೆ ಕೊರೆದಾಗ ಬಂದ ಕಲ್ಲಿನ ಪುಡಿಯನ್ನೇ ಸಲಿಕೆಯಿಂದ ಎಳೆದು ತುಂಬುತ್ತಾರೆ, ಅಲ್ಲಿಗೆ ಕೆಲಸ ಮುಗಿಯಿತು. ಪುಡಿ ನೀರನ್ನು ತಡೆಯುವುದಿಲ್ಲ. ತಿಪ್ಪೆಯ ಬಸಿ, ದ್ರಾಕ್ಷಿ ತೋಟಕ್ಕೆ ಸುರಿದ ಗೊಬ್ಬರ ಮತ್ತು ಔಷಧಿ, ಕೊಟ್ಟಿಗೆಯ ಗಂಜಲ ಎಲ್ಲವೂ ಮಳೆನೀರಿನೊಂದಿಗೆ ಆ ಸಂದಿಯಲ್ಲಿ ಇಳಿದು, ಮಣ್ಣಿನಲ್ಲಿ ಸೋಸಿಕೊಳ್ಳುವ ಅವಕಾಶವೇ ಇಲ್ಲದೆ ನೇರವಾಗಿ ಬಿರುಕುಗಳಿಗೆ ಸೇರುತ್ತವೆ. ನೈಟ್ರೇಟ್ ಹೆಚ್ಚಿದೆ ಎಂದು ಬೋರಿನ ನೀರಿನ ಪರೀಕ್ಷಾ ವರದಿ ಬಂದಾಗ ಭೂಮಿಯನ್ನು ದೂರುವ ಮುಂಚೆ ಕೇಸಿಂಗಿನ ಹಿಂದೆ ಏನಿದೆ ಎಂದು ನೋಡಬೇಕು.

ಆ ಸಂದಿಯನ್ನು ಮುಚ್ಚಲು ತಗಲುವ ಖರ್ಚನ್ನು ನಾನು ಲೆಕ್ಕ ಹಾಕಿದ್ದೇನೆ. ಒಂಬತ್ತು ಇಂಚಿನ ರಂಧ್ರದಲ್ಲಿ ಏಳು ಇಂಚಿನ ಪೈಪು ಇಳಿಸಿದರೆ, ಮೇಲಿನ ಇಪ್ಪತ್ತು ಅಡಿಯ ಸಂದಿ ಹಿಡಿಯುವುದು ಸುಮಾರು 100 ಲೀಟರ್. ಐವತ್ತು ಕೆಜಿಯ ಒಂದು ಚೀಲ ಸಿಮೆಂಟನ್ನು 25 ಲೀಟರ್ ನೀರಿನಲ್ಲಿ ಕಲಸಿದರೆ ಸುಮಾರು 41 ಲೀಟರ್ ಹಾಲು ಸಿಗುತ್ತದೆ. ಅಂದರೆ ಮೂರು ಚೀಲ ಸಿಮೆಂಟು, ಕೆಳಗಿನವರೆಗೆ ಇಳಿಬಿಡಲು ಒಂದು ಸಣ್ಣ ಪೈಪು, ಗಟ್ಟಿಯಾಗಲು ಒಂದು ರಾತ್ರಿ. ಲಕ್ಷಾಂತರ ರೂಪಾಯಿಯ ಕೊರೆತದಲ್ಲಿ ಇದು ಯಾವ ಲೆಕ್ಕಕ್ಕೂ ಬಾರದ ಮೊತ್ತ. ಭಾರತೀಯ ಮಾನಕ ಬ್ಯೂರೋದ ಐಎಸ್ 2800 ಸಂಹಿತೆಯಲ್ಲಿ ಕೊಳವೆಬಾವಿ ಕಟ್ಟುವ ಕ್ರಮವಿದೆ. ಆದರೆ ರಿಗ್ ಗಾಡಿಗೆ ಕೂಲಿ ಸಿಗುವುದು ಅಡಿಯ ಲೆಕ್ಕದಲ್ಲಿ, ಮತ್ತು ಸಿಮೆಂಟು ಗಟ್ಟಿಯಾಗಲು ಕಾಯುವ ರಾತ್ರಿಗೆ ಅಡಿ ಇಲ್ಲ. ದೂರದ ತಮಿಳುನಾಡಿನ ತಿರುಚೆಂಗೋಡಿನಿಂದ ಬಂದು ಹಗಲಿರುಳು ದುಡಿಯುವ ಆ ಹುಡುಗರನ್ನು ನಾನು ದೂರುತ್ತಿಲ್ಲ. ಕಾಯುವ ರಾತ್ರಿಗೂ ದರ ಕಟ್ಟಿದರೆ ಅವರು ಖಂಡಿತ ಕಾಯುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ, ತಮ್ಮ ಗಮನಕ್ಕೆ ತರಲೇಬೇಕಾದ ಸಂಗತಿ ಇನ್ನೊಂದಿದೆ. ನೀರು ಬೀಳದ ಬೋರಿನ ಬಾಯಿ ಏಕೆ ತೆರೆದಿರುತ್ತದೆ? ಅಲಕ್ಷ್ಯದಿಂದ ಎಂದು ಪಟ್ಟಣದಲ್ಲಿ ಹೇಳುತ್ತಾರೆ. ನಮ್ಮ ಹೊಲದಲ್ಲಿಯೇ ನಾನು ಕಂಡದ್ದು ಬೇರೆ. ನಮ್ಮ ಅಣ್ಣನವರು ಲಿಂಬೆ ತೋಟ ಉಳಿಸಿಕೊಳ್ಳಲು ಆರು ವರ್ಷಗಳಲ್ಲಿ ಐದು ಬೋರು ಹಾಕಿಸಿದರು, ನೀರು ಬಿದ್ದದ್ದು ಒಂದಕ್ಕೆ. ಉಳಿದ ನಾಲ್ಕರ ಕೇಸಿಂಗ್ ಪೈಪುಗಳನ್ನೂ ಮುಂದಿನ ಬೋರಿಗೆಂದು ಎಳೆದು ತೆಗೆದಿದ್ದರು. ಪೈಪಿದ್ದರೆ ಅದಕ್ಕೊಂದು ಮುಚ್ಚಳ ಕೂರುತ್ತಿತ್ತು. ಪೈಪು ಹೋದ ಮೇಲೆ ಎರೆಮಣ್ಣಿನಲ್ಲಿ ಉಳಿಯುವುದು ಮಳೆಗೊಮ್ಮೆ ಕುಸಿಯುತ್ತ, ಬೇಸಿಗೆಗೊಮ್ಮೆ ಬಿರಿಯುತ್ತ ಅಗಲವಾಗುವ ಗುಂಡಿ. ಅದರ ಮೇಲೆ ಇಟ್ಟ ಚಪ್ಪಡಿ ಎರಡು ಮಳೆಗಾಲದಲ್ಲಿ ವಾಲುತ್ತದೆ. ಹೀಗೇಕೆ ಮಾಡಿದಿರಿ ಎಂದು ಕೇಳಿದ್ದಕ್ಕೆ ಅಣ್ಣನವರು, "ತಮ್ಮಾ, ಇಪ್ಪತ್ತು ಸಾವಿರದ ಪೈಪ ಮಣ್ಣಾಗ ಬಿಟ್ಟ ಬಂದ್ರ ಮುಂದಿನ ಬೋರಿಗೆ ಯಾರ ಕೊಡ್ತಾರ? ನೀರಂತೂ ಹೋತು, ಪೈಪರ ಉಳೀಲಿ ಅಂತ ತಗದೆ" ಎಂದರು. ಸಾಲ ಮಾಡಿ ಸೋತ ರೈತನ ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ತಮ್ಮಲ್ಲಿ ಉತ್ತರವಿರಲು ಸಾಧ್ಯ. ಸೋತ ಬೋರಿನ ಪೈಪನ್ನು ನೆಲದಲ್ಲಿಯೇ ಬಿಟ್ಟು ಸರಿಯಾಗಿ ಮುಚ್ಚಿದ ರೈತನಿಗೆ ಆ ಪೈಪಿನ ಬೆಲೆಯನ್ನು ತುಂಬಿಕೊಡುವ ಒಂದು ಸಣ್ಣ ನಿಧಿಯನ್ನು ಜಿಲ್ಲಾ ಮಟ್ಟದಲ್ಲಿ ಸ್ಥಾಪಿಸಿದರೆ, ದಂಡದ ಹೆದರಿಕೆಯಿಂದ ಆಗದ ಕೆಲಸ ಅದರಿಂದ ಆಗುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ. ದಂಡಕ್ಕೆ ಹೆದರಿದ ರೈತ ಬೋರನ್ನು ಮುಚ್ಚುವುದಿಲ್ಲ, ಮರೆಮಾಡುತ್ತಾನೆ. ಮರೆಮಾಡಿದ ಬೋರು ತೆರೆದ ಬೋರಿಗಿಂತ ಅಪಾಯಕಾರಿ.

ಮುಚ್ಚುವ ವಿಧಾನದ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2010ರಲ್ಲಿಯೇ ನಿರ್ದೇಶನ ಕೊಟ್ಟಿದೆ. ಕೊರೆಯುವ ಮುನ್ನ ಅಧಿಕಾರಿಗಳಿಗೆ ತಿಳಿಸುವುದು, ಸುತ್ತ ಮುಳ್ಳುತಂತಿ, ಕೇಸಿಂಗಿನ ಸುತ್ತ ಸಿಮೆಂಟಿನ ಕಟ್ಟೆ, ಬೆಸೆದ ಅಥವಾ ಬೋಲ್ಟು ಬಿಗಿದ ಮುಚ್ಚಳ, ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಜೇಡಿ, ಮರಳು, ಕಲ್ಲು ಅಥವಾ ಕೊರೆದ ಪುಡಿಯಿಂದ ತುಂಬುವುದು, ಎಷ್ಟು ಬಾವಿಗಳು ಬಳಕೆಯಲ್ಲಿವೆ, ಎಷ್ಟು ಕೈಬಿಟ್ಟವು ಎಂಬ ದಾಖಲೆಯನ್ನು ಜಿಲ್ಲಾ ಮಟ್ಟದಲ್ಲಿ ಇಡುವುದು, ಇವೆಲ್ಲ ಅದರಲ್ಲಿವೆ. ಮಕ್ಕಳ ಜೀವ ಉಳಿಸಲು ಇಷ್ಟು ಸಾಕು. ನೀರನ್ನು ಉಳಿಸಲು ಸಾಲದು ಎಂಬುದು ನನ್ನ ವೃತ್ತಿಯ ಅನುಭವದಿಂದ ಬಂದ ಅಭಿಪ್ರಾಯ. ಪುಡಿ ಮತ್ತು ಮರಳು ತುಂಬಿದ ರಂಧ್ರದಲ್ಲಿ ಮಗು ಬೀಳುವುದಿಲ್ಲ, ಆದರೆ ಮೇಲಿನ ಕೊಳೆ ಮತ್ತು ಒಂದು ಪದರದ ಸವಳು ಇನ್ನೊಂದು ಪದರಕ್ಕೆ ಇಳಿಯುವುದು ನಿಲ್ಲುವುದಿಲ್ಲ. ಆದ್ದರಿಂದ ಕೊನೆಯ ಹತ್ತು ಅಡಿಗಾದರೂ ಸಿಮೆಂಟಿನ ಬಿರಡೆ ಇರಬೇಕು, ಆರೂವರೆ ಇಂಚಿನ ರಂಧ್ರಕ್ಕೆ ಅದು ಎರಡು ಚೀಲದ ಕೆಲಸ. ಸವಳು ಪದರ ಎಲ್ಲಿದೆ ಎಂದು ಗೊತ್ತಿರುವ ಊರುಗಳಲ್ಲಿ ಅದರ ಮೇಲೆಯೂ ಕೆಳಗೆಯೂ ಜೇಡಿಯ ಅಥವಾ ನೀರಿಗೆ ಉಬ್ಬುವ ಜೇಡಿಯಾದ ಬೆಂಟೊನೈಟ್‌ನ ಬಿರಡೆ ಬೇಕು.

ತುಂಬುವ ರೀತಿಯಲ್ಲಿಯೂ ಒಂದು ಎಚ್ಚರ ಅಗತ್ಯ. ಐನೂರು ಅಡಿಯ ಬೋರಿಗೆ ಹಿಡಿಯುವುದು ಸುಮಾರು 3.3 ಘನ ಮೀಟರ್, ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಲೋಡು ಮಾತ್ರ. ಆದರೆ ಟ್ರೇಲರ್ ಎತ್ತಿ ಒಮ್ಮೆಲೇ ಸುರಿದರೆ ಹೆಂಟೆಗಳು ನಡುವೆ ಎಲ್ಲಿಯೋ ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ. ಮೇಲೆ ತುಂಬಿದಂತೆ ಕಾಣುತ್ತದೆ, ಒಂದೆರಡು ಮಳೆಯ ನಂತರ ಹೂಡುವ ಎತ್ತಿನ ಕಾಲ ಕೆಳಗೆ ಕುಸಿಯುತ್ತದೆ. ಸಲಿಕೆ ಸಲಿಕೆಯಾಗಿ ಹಾಕುತ್ತ, ಹಗ್ಗಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಎಷ್ಟು ಅಡಿಯವರೆಗೆ ತುಂಬಿತೆಂದು ಪ್ರತಿ ಐವತ್ತು ಅಡಿಗೊಮ್ಮೆ ಅಳೆಯಬೇಕು. ತೈಲಬಾವಿಯಲ್ಲಿ ಬಿರಡೆಯನ್ನು ಪೈಪಿನಿಂದ ಮುಟ್ಟಿ ನೋಡುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಅಂತಿಮವಾಗಿ ದಾಖಲೆಯ ವಿಚಾರ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ರಿಗ್‌ಗಳ ನೋಂದಣಿಗೆ ಅವಕಾಶವಿದೆ. ಆದರೆ ಬಾವಿಗೊಂದು ಸಂಖ್ಯೆ, ಆ ಸಂಖ್ಯೆಯ ಹಿಂದೆ ಒಂದು ಪುಟದ ಚರಿತ್ರೆ ನಮ್ಮ ಹಳ್ಳಿಗಳಲ್ಲಿ ಸಿಗುವುದಿಲ್ಲ. ಎಷ್ಟು ಅಡಿಗೆ ಗಟ್ಟಿಕಲ್ಲು ಬಂತು, ಎಷ್ಟನೆಯ ಅಡಿಗೆ ಕೆಂಪು ಮಣ್ಣು, ಎಲ್ಲಿ ಮೊದಲ ನೀರು, ಎಷ್ಟು ಇಂಚು, ರುಚಿ ಹೇಗಿತ್ತು ಎಂಬುದೆಲ್ಲ ರಿಗ್ ಆಪರೇಟರಿಗೆ ಆ ರಾತ್ರಿ ಗೊತ್ತಿರುತ್ತದೆ. ಗಾಡಿ ಮುಂದಿನ ಊರಿಗೆ ಹೊರಟಾಗ ಆ ತಿಳಿವಳಿಕೆಯೂ ಹೊರಟುಹೋಗುತ್ತದೆ. ಮುಂದಿನ ರೈತ ಪಕ್ಕದ ಹೊಲದಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡಿಸಿ ಮತ್ತೆ ಮೊದಲಿನಿಂದ ಸೋಲುತ್ತಾನೆ. ಗ್ರಾಮ ಪಂಚಾಯತಿಯಲ್ಲಿ ಒಂದು ಬಾವಿ ಪುಸ್ತಕವಿದ್ದು, ರಿಗ್ ಗಾಡಿಯ ಕೂಲಿಯ ಕೊನೆಯ ಕಂತು ಆ ಪುಟ ತುಂಬಿದ ಮೇಲೆಯೇ ಸಲ್ಲಬೇಕೆಂಬ ಕರಾರು ಮಾಡಿದರೆ ಸಾಕು.

ಇದು ನಮ್ಮ ನೆಲಕ್ಕೆ ಹೊಸ ಶಿಸ್ತೂ ಅಲ್ಲ. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದ ವಿಜಯಪುರ ನಗರಕ್ಕೆ ನೆಲದಡಿಯಲ್ಲಿ ನೀರು ತಂದವರು ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ತೋಡಿದರು. ಇಳಿದು ನೋಡಲು, ಹೂಳು ತೆಗೆಯಲು ಅವು ಬೇಕಿದ್ದವು. ನಗರದೊಳಗೆ ನೀರಿನ ಒತ್ತಡ ತಗ್ಗಿಸಲೆಂದೇ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ಕಟ್ಟುವ ದಿನವೇ ಮುಂದಿನ ತಪಾಸಣೆಗೆ ದಾರಿ ಬಿಟ್ಟ ಆ ಕೆಲಸಗಾರರನ್ನು ನೆನೆದಾಗ, ನನಗೆ ನನ್ನ ವೃತ್ತಿಯ ಹಿರಿಯರು ಅವರೇ ಎನ್ನಿಸುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಬೇಸಿಗೆಯ ಬೋರಿನ ಹಂಗಾಮಿಗೆ ಮುಂಚೆ ಇಂಡಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯತಿಯನ್ನು ಆರಿಸಿಕೊಂಡು, ಅಲ್ಲಿನ ಎಲ್ಲ ಕೊಳವೆಬಾವಿಗಳಿಗೂ ಸಂಖ್ಯೆ ಕೊಡಿಸಬೇಕು, ಹೊಸ ಬೋರುಗಳ ಮೇಲಿನ ಇಪ್ಪತ್ತು ಅಡಿಗೆ ಸಿಮೆಂಟು ಕಡ್ಡಾಯ ಮಾಡಬೇಕು, ಪೈಪಿನ ಬೆಲೆ ತುಂಬಿಕೊಡುವ ನಿಧಿಯನ್ನು ಅಲ್ಲಿ ಒಂದು ವರ್ಷ ನಡೆಸಿ ನೋಡಬೇಕು. ಕುಡಿಯುವ ನೀರಿನ ಬೋರುಗಳಿಗೆ ವರ್ಷಕ್ಕೊಮ್ಮೆ, ಮೋಟರ್ ಎತ್ತಿದ ದಿನ, ಕ್ಯಾಮೆರಾ ಇಳಿಸಿ ಕೇಸಿಂಗಿನ ಜೋಡಣೆಗಳನ್ನು ನೋಡಿಸಬೇಕು. ಬೋರಿನ ಕ್ಯಾಮೆರಾ ಇಟ್ಟುಕೊಂಡವರು ಈಗ ನಮ್ಮ ಭಾಗದಲ್ಲಿಯೇ ಸಿಗುತ್ತಾರೆ.

ತೋರಿಸಿ ಕಲಿಸುವ ಕೆಲಸಕ್ಕೆ ಅಣ್ಣನವರ ಹೊಲದ ನಾಲ್ಕು ಸೋತ ಬೋರುಗಳಿವೆ. ಅವರ ಒಪ್ಪಿಗೆ ಪಡೆದಿದ್ದೇನೆ. ಎರಡನ್ನು ನಾನೇ ಜೇಡಿ ಮತ್ತು ಸಿಮೆಂಟಿನಿಂದ ಮುಚ್ಚಿ, ಎಷ್ಟನೆಯ ಅಡಿಗೆ ಏನು ಹಾಕಿದೆ ಎಂಬುದನ್ನು ಬರೆದಿಟ್ಟಿದ್ದೇನೆ. ಉಳಿದ ಎರಡರ ಮೇಲೆ ಉಕ್ಕಿನ ತಗಡು ಹಾಕಿ, ಸುತ್ತ ಮುಳ್ಳುತಂತಿ ಕಟ್ಟಿ, ತಮ್ಮ ಇಲಾಖೆಯ ಸಿಬ್ಬಂದಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಮತ್ತು ರಿಗ್ ಮಾಲೀಕರ ಎದುರಿನಲ್ಲಿ ಮುಚ್ಚಲೆಂದು ಹಾಗೆಯೇ ಇಟ್ಟಿದ್ದೇನೆ. ಸಿಮೆಂಟು, ಜೇಡಿ, ಅಳೆಯುವ ಹಗ್ಗ ನಮ್ಮಲ್ಲಿವೆ. ತಾವು ದಿನ ಗೊತ್ತುಮಾಡಿ ತಿಳಿಸಿದರೆ ಸಾಕು.

ತಮ್ಮ ವಿಶ್ವಾಸಿ,
ನಿವೃತ್ತ ತೈಲಬಾವಿ ತಂತ್ರಜ್ಞ,
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ